ಮೂವತ್ತಾರು ಅಡಿಯ ಇಳಿಜಾರು

ಮನೆಯೆಂಬುದು ಮನುಷ್ಯನಿಗೂ ಆಕಾಶಕ್ಕೂ ನಡುವೆ ಆದ ಅತ್ಯಂತ ಪ್ರಾಚೀನ ಒಪ್ಪಂದ. ಬಿಸಿಲು, ಮಳೆ, ಗಾಳಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ತನ್ನದೇ ಒಂದು ಪುಟ್ಟ ಜಗತ್ತನ್ನು ಸ್ಥಾಪಿಸಿಕೊಳ್ಳುವ ಹಂಬಲದಲ್ಲಿಯೇ ನಾಗರಿಕತೆಯ ಬೀಜವಿದೆ. ಆದರೆ ಮುಂಬೈಯಲ್ಲಿ ಮನುಷ್ಯನಿಗೂ ಆಕಾಶಕ್ಕೂ ನಡುವೆ ಮೇಲಿನ ಮಹಡಿಯವರ ಬಾತ್‌ರೂಮು ಇರುತ್ತದೆ. ಅದು ಸೋರುತ್ತಿರುತ್ತದೆ.

ನಾನು ಮನೆಗಳ ನಕ್ಷೆ ಬರೆಯುವವನು. ಘಾಟ್ಕೋಪರಿನಲ್ಲಿ, ಮೆಟ್ರೋ ಹಾದುಹೋದಾಗಲೆಲ್ಲ ಚಹಾದ ಲೋಟ ಮೇಜಿನ ಮೇಲೆ ತಾನಾಗಿ ಜರುಗುವ ಒಂದು ಮೂರನೇ ಮಹಡಿಯ ಕೋಣೆಯಲ್ಲಿ ಕೂತು, ಇವತ್ತಿಗೂ ಟೀ-ಸ್ಕ್ವೇರು, ಸೆಟ್-ಸ್ಕ್ವೇರು, ಪೆನ್ಸಿಲ್ಲುಗಳಲ್ಲಿ ಕೆಲಸ ಮಾಡುತ್ತೇನೆ. ಕಂಪ್ಯೂಟರೂ ಇದೆ. ಅದರ ಮೇಲೆ ಟ್ರೇಸಿಂಗ್ ಕಾಗದದ ಸುರುಳಿಗಳನ್ನು ಇಡಲು ಅನುಕೂಲವಾಗಿದೆ. ನನ್ನ ಬಳಿ ಬರುವ ಕೆಲಸಗಳೆಂದರೆ ಖೋಲಿಯೆಂಬ ಒಂಟಿ ಕೋಣೆಯ ಮನೆಯೊಳಗೆ ಅಟ್ಟ ಕಟ್ಟುವುದು, ಬಾಲ್ಕನಿಯನ್ನು ಅಡಿಗೆಮನೆಯಾಗಿಸುವುದು, ಅಡಿಗೆಮನೆಯನ್ನು ಮಗನ ಮದುವೆಗೆ ಮೊದಲು ಮಲಗುವ ಕೋಣೆಯಾಗಿಸುವುದು. ಒಟ್ಟಿನಲ್ಲಿ ಇಲ್ಲದ ಜಾಗವನ್ನು ಇದೆಯೆಂದು ತೋರಿಸುವ ವಿದ್ಯೆ. ಹೀಗಿರುವಾಗ, ನೆಲದ ಮೇಲೆ, ನಾಲ್ಕೂ ಕಡೆ ಗಾಳಿಯಾಡುವ ಒಂದಂತಸ್ತಿನ ಮನೆಯೊಂದಕ್ಕೆ ನಕ್ಷೆ ಬೇಕೆಂದು ಫೋನ್ ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತು ಮಾತಾಡಿದೆ. ಅಂಥ ಮನೆ ಬರೆದು ಎಷ್ಟು ಕಾಲವಾಗಿತ್ತೆಂದರೆ, ಅಂಗಳವನ್ನು ನಕ್ಷೆಯಲ್ಲಿ ಹೇಗೆ ತೋರಿಸುತ್ತಾರೆ ಎಂಬುದನ್ನು ನೆನಪು ಮಾಡಿಕೊಳ್ಳಬೇಕಾಯಿತು. ಖಾಲಿ ಬಿಟ್ಟರೆ ಸಾಕು ಎಂದು ಆಮೇಲೆ ಹೊಳೆಯಿತು.

ಫೋನ್ ಮಾಡಿದವರು ಉಡುಪಿ ಕಡೆಯವರು, ಮಾಟುಂಗದ ಹೋಟೆಲೊಂದರ ಮ್ಯಾನೇಜರು. ಹದಿನಾಲ್ಕನೇ ವಯಸ್ಸಿಗೆ ಟೇಬಲ್ ಒರೆಸಲು ಬಂದು, ಮೆಲ್ಲಗೆ ಗಲ್ಲಾದ ತನಕ ಏರಿದವರು. ಬದ್ಲಾಪುರದ ಆಚೆ ಒಂದು ಪ್ಲಾಟು ತೆಗೆದಿದ್ದರು. ನಿವೃತ್ತಿಗೆ ಮೊದಲು ಮನೆಯಾಗಬೇಕು.

ಅವರ ವಾಸ ಆಂಟಾಪ್ ಹಿಲ್ಲಿನ ಒಂದು ಹಳೆಯ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ. ಅದೇ ಕೊನೆಯ ಮಹಡಿ. ಲಿಫ್ಟ್ ಇಲ್ಲ. ನಾನು ಮೊದಲ ಸಲ ಹೋದಾಗ ಮೂರನೆಯದರಲ್ಲಿ ನಿಂತು ಗೋಡೆಯ ಬಣ್ಣವನ್ನು ಪರಿಶೀಲಿಸುವವನಂತೆ ನಟಿಸುತ್ತ ಉಸಿರು ಸುಧಾರಿಸಿಕೊಂಡೆ. ಒಂದು ಖೋಲಿ, ಒಂದು ಅಡಿಗೆಮನೆ, ಮಡಚುವ ಮಂಚ, ಮಡಚುವ ಮೇಜು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮನೆಯಾಕೆ ಕೂತಿದ್ದರು. ಎದುರಿಗೆ ಅಲ್ಯೂಮಿನಿಯಮ್ಮಿನ ವಾಕರು.

ಸೊಂಟದ ಮೂಳೆ ಮುರಿದು ಎರಡು ಮಳೆಗಾಲ ಕಳೆದಿತ್ತು. ಆಪರೇಷನ್ ಆಗಿತ್ತು. ವಾಕರು ಹಿಡಿದು ಸಮನೆಲದಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದರು. ಮೆಟ್ಟಿಲು ಮಾತ್ರ ಆಗದು ಎಂದು ಡಾಕ್ಟರು ಹೇಳಿದ್ದರು. ಅಂದರೆ ಅವರ ಪಾಲಿನ ಲೋಕ ಹೊಸ್ತಿಲಿನ ಆಚೆಗೆ ಹತ್ತು ಹೆಜ್ಜೆಯ ವರಾಂಡದಲ್ಲಿ ಮುಗಿಯುತ್ತಿತ್ತು. ಆಸ್ಪತ್ರೆಗೆ ಹೋಗಬೇಕಾದರೆ ಹೋಟೆಲಿನ ಇಬ್ಬರು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಇಳಿಸುತ್ತಿದ್ದರು.

"ಬನ್ನಿ, ಕೂತ್ಕೊಳ್ಳಿ," ಎಂದರು ಆಕೆ. "ನಿಮ್ಮ ನೆತ್ತಿ ನೋಡಿದೆ ನಾನು, ಗೇಟಿನ ಹತ್ರ ಬರುವಾಗ್ಲೇ. ಈ ಕಾಲೊನಿಯವರ ಮುಖ ಎಲ್ಲ ಮರ್ತು ಹೋಗಿದೆ ನನ್ಗೆ. ನೆತ್ತಿ ಮಾತ್ರ ಗೊತ್ತುಂಟು. ಯಾರ್ಗೆ ಬೋಳಾಗ್ಲಿಕ್ಕೆ ಶುರುವಾಯ್ತು ಅಂತ ಅವ್ರ ಹೆಂಡ್ತಿಗಿಂತ ಮೊದ್ಲು ನನ್ಗೆ ಗೊತ್ತಾಗ್ತದೆ."

ನಾನು ಟೋಪಿ ಹಾಕಿಕೊಳ್ಳುವ ಅಭ್ಯಾಸವನ್ನು ಬಿಟ್ಟದ್ದಕ್ಕೆ ವಿಷಾದಿಸಿದೆ.

ನಕ್ಷೆಯ ಕೆಲಸದಲ್ಲಿ ಮೊದಲು ಸ್ಕೇಲು ತೆಗೆಯಬಾರದು, ಕೇಳಬೇಕು. ಮನೆಯ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ, ಇನ್ನೊಬ್ಬರು ಬಾಯಿ ಹಾಕದಂತೆ ಕೇಳಬೇಕು. ಒಂದೇ ಖೋಲಿಯಲ್ಲಿ ಮೂವರಿರುವಾಗ ಇದು ಸೈದ್ಧಾಂತಿಕ ಮಾತಾಗಿ ಉಳಿಯುತ್ತದೆ.

ಮ್ಯಾನೇಜರಿಗೆ ಚಾವಡಿ ಬೇಕಿತ್ತು. ಮನೆಯ ಮುಂದೆ, ಮನೆಯಷ್ಟೇ ಅಗಲಕ್ಕೆ, ತೆರೆದ ಚಾವಡಿ. ಊರಿನಲ್ಲಿ ಅವರ ಅಜ್ಜನ ಮನೆಗೆ ಇದ್ದಂಥದ್ದು. ಆ ಮನೆ ಪಾಲಾಗಿ, ಮಾರಿ, ಈಗ ಅಲ್ಲಿ ಬೇರೆ ಯಾರದೋ ಮದುವೆ ಹಾಲ್ ಇದೆಯಂತೆ.

"ಅದಕ್ಕೆ ಕಲ್ಲಿನ ಮೆಟ್ಲಿರ್ಬೇಕು ಮಾರಾಯ್ರೆ," ಎಂದರು. "ಅಗಲದ್ದು. ಸ್ನಾನ ಆಗಿ ಒದ್ದೆ ತಲೆಯಲ್ಲಿ ಆ ಮೆಟ್ಲಲ್ಲಿ ಕೂತ್ಕೊಂಡ್ರೆ ಉಂಟಲ್ಲ... ಅಡಿಯಿಂದ ತಂಪು, ಮೇಲಿಂದ ಬಿಸ್ಲು. ಯಾರೂ ಎಂತದೂ ಆರ್ಡರ್ ಮಾಡುದಿಲ್ಲ ಅಲ್ಲಿ."

ಈ ಚಾವಡಿಯನ್ನು ಅವರು ಹೋಟೆಲಿನ ಆರ್ಡರ್ ಚೀಟಿಗಳ ಬೆನ್ನಿನ ಮೇಲೆ ಎಷ್ಟೋ ಸಲ ಗೀಚಿದ್ದರಂತೆ. ಒಂದನ್ನು ತೋರಿಸಿದರು. ಅಳತೆಗಳು ಅಡಿಯಲ್ಲಿರಲಿಲ್ಲ, ಟೇಬಲ್ಲಿನಲ್ಲಿದ್ದವು. "ಆರು ಟೇಬಲ್ ಹಿಡಿಯುವಷ್ಟು." ಅಡಿಗೆಮನೆಗೂ ಹಾಲಿಗೂ ನಡುವೆ ತಟ್ಟೆ ದಾಟಿಸುವ ಕಿಂಡಿಯೊಂದನ್ನೂ ಹಾಕಿದ್ದರು. ಮೂರು ಜನರ ಸಂಸಾರಕ್ಕೆ ಸರ್ವಿಸ್ ಕೌಂಟರು.

ಮಗಳು ಘಾಟ್ಕೋಪರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುವವಳು. ಅವಳ ಕನ್ನಡ ನಾಲ್ಕು ಮಾತಿಗೊಮ್ಮೆ ಗಾಡಿ ಬದಲಿಸುತ್ತಿತ್ತು. "ಅಂಕಲ್, ನನ್ಗೆ ಒಂದು ರೂಮ್, ಜಿಸ್ಕಾ ದರ್ವಾಜಾ ಬಂದ್ ಹೋತಾ ಹೈ. ಬಸ್. ಬಾಕಿ ಪಪ್ಪಾ ಹೇಗೆ ಹೇಳ್ತಾರೆ ಹಾಗೆ." ಅವಳು ಹುಟ್ಟಿದಂದಿನಿಂದ ಬಾಗಿಲು ಹಾಕಿಕೊಂಡದ್ದು ಬಾತ್‌ರೂಮಿನಲ್ಲಿ ಮಾತ್ರ. ಅದನ್ನೂ ಹೊರಗಿನಿಂದ ಬಡಿಯುತ್ತಿದ್ದರು.

"ತಮಗೇನು ಬೇಕು?" ಎಂದು ಮನೆಯಾಕೆಯನ್ನು ಕೇಳಿದೆ. ಗ್ರಾನೈಟು ಕಟ್ಟೆ, ದೇವರ ಕೋಣೆ, ಇಂಥದೇನಾದರೂ ಬರುತ್ತದೆಂದು ಪೆನ್ಸಿಲ್ ಹಿಡಿದಿದ್ದೆ.

ಆಕೆ ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿದರು.

"ಬೆಳಿಗ್ಗೆ ಇವ್ರು ಹೋಗ್ತಾರೆ, ಬಾಗಿಲು ಎಳ್ಕೊಳ್ತಾರೆ. ಆಮೇಲೆ ಇವಳು ಹೋಗ್ತಾಳೆ, ಬಾಗಿಲು ಎಳ್ಕೊಳ್ತಾಳೆ. ಎಲ್ಲರೂ ಹೊರಗಿಂದ ಎಳ್ಕೊಂಡು ಹೋಗುದು, ನಾನು ಒಳಗೆ ಕೂತು ಆ ಶಬ್ದ ಕೇಳುದು. ಒಂದು ಸಲ ನಾನು ಹೊರಗಿಂದ ಎಳ್ಕೊಳ್ಬೇಕು. ಯಾರೂ ಹಿಡ್ಕೊಳ್ಳದೆ. ಅಷ್ಟೇ. ಮತ್ತೆ ನಿಮ್ಮ ಮನೆ ಹೇಗಾದ್ರೂ ಇರ್ಲಿ."

"ನೆಲದ ಮನೆ ಅಲ್ವಾ ಅದಕ್ಕೇ ಮಾಡುದು," ಎಂದರು ಮ್ಯಾನೇಜರು. "ಮೆಟ್ಲೇ ಇರುದಿಲ್ಲ."

ಐದು ನಿಮಿಷದ ಕೆಳಗೆ ಕಲ್ಲಿನ ಮೆಟ್ಟಿಲು ಕೇಳಿದವರು ಅವರೇ. ಆ ಎರಡು ಮಾತುಗಳು ಒಂದೇ ಬಾಯಿಂದ ಬಂದದ್ದನ್ನು ಆ ಖೋಲಿಯಲ್ಲಿ ಯಾರೂ ಗಮನಿಸಲಿಲ್ಲ. ಮಹಡಿಗಳಲ್ಲಿ ಬದುಕಿದವರಿಗೆ ಮೆಟ್ಟಿಲೆಂದರೆ ಬಿಲ್ಡಿಂಗಿನ ಮೆಟ್ಟಿಲು. ಅಜ್ಜನ ಮನೆಯ ಮೆಟ್ಟಿಲು ಆ ಜಾತಿಯದಲ್ಲ. ಅದು ಕೂರುವ ಜಾಗ.

ಮುಂದಿನ ಭಾನುವಾರ ಮ್ಯಾನೇಜರೂ ನಾನೂ ಬದ್ಲಾಪುರದ ಲೋಕಲ್ ಹಿಡಿದು ಪ್ಲಾಟು ನೋಡಲು ಹೋದೆವು. ಸ್ಟೇಷನ್ನಿನಿಂದ ರಿಕ್ಷಾ, ರಿಕ್ಷಾದವನು ಮುಂದೆ ಬರುವುದಿಲ್ಲವೆಂದ ಮೇಲೆ ನಡಿಗೆ. ಮೂವತ್ತು ಅಡಿ ಅಗಲ, ಅರವತ್ತು ಅಡಿ ಉದ್ದ. ರಸ್ತೆ ದಕ್ಷಿಣಕ್ಕೆ. ನಿಯಮದ ಪ್ರಕಾರ ಸುತ್ತ ಬಿಡಬೇಕಾದದ್ದನ್ನು ಬಿಟ್ಟ ಮೇಲೆ ಮನೆಗೆ ಸಿಗುವುದು ಇಪ್ಪತ್ತನಾಲ್ಕು ಅಡಿ ಅಗಲ, ನಲವತ್ತು ಅಡಿ ಉದ್ದ. ಮ್ಯಾನೇಜರು ಹುಲ್ಲಿನ ನಡುವೆ ನಿಂತು ಕೈ ಬೀಸಿ "ಇಲ್ಲಿ ಚಾವಡಿ" ಎಂದರು. ಕಣ್ಣು ಮುಚ್ಚಿಕೊಂಡಿದ್ದರು.

ನಾನು ಪಕ್ಕದ ಪ್ಲಾಟಿನ ಪಂಪ್ ಶೆಡ್ಡಿನ ಗೋಡೆ ನೋಡುತ್ತಿದ್ದೆ. ಅದರ ಮೇಲೆ, ಯಾರೋ ಸ್ಕೇಲಿಟ್ಟು ಎಳೆದಂತೆ, ಮಣ್ಣಿನ ಬಣ್ಣದ ಒಂದು ಗೆರೆ. ಮಳೆಗಾಲದಲ್ಲಿ ಹತ್ತಿರದ ನದಿ ಉಕ್ಕಿ ಬಂದು ಎಲ್ಲಿಯವರೆಗೆ ನಿಂತಿತ್ತು ಎಂಬುದರ ಗುರುತು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ರಸ್ತೆಯ ಮಟ್ಟದಿಂದ ಅಳೆದೆ. ಎರಡೂವರೆ ಅಡಿ. ಅದರ ಮೇಲೆ ಅರ್ಧ ಅಡಿ ಸುರಕ್ಷತೆಗೆ. ಮನೆಯ ನೆಲ ರಸ್ತೆಗಿಂತ ಮೂರಡಿ ಎತ್ತರದಲ್ಲಿರಬೇಕು.

"ಒಳ್ಳೇದಾಯ್ತಲ್ಲ," ಎಂದರು ಮ್ಯಾನೇಜರು. "ನಮ್ಮೂರ ಮನೆಗೂ ಅಷ್ಟೇ ಎತ್ತರ. ಮೆಟ್ಲು ಚಂದ ಕಾಣ್ತದೆ."

"ಸ್ವಾಮಿ," ಎಂದೆ, "ಆ ಮೆಟ್ಟಿಲನ್ನು ತಮ್ಮ ಮನೆಯವರು ಇಳಿಯುವುದು ಹೇಗೆ?"

ಅವರು ಕೈ ಕೆಳಗಿಳಿಸಿದರು. ಹಿಂದಿರುಗುವ ಲೋಕಲ್‌ನಲ್ಲಿ ಕಲ್ಯಾಣ ದಾಟುವವರೆಗೂ ಆರ್ಡರ್ ಚೀಟಿಯೊಂದರ ಬೆನ್ನಿನ ಮೇಲೆ ಏನೋ ಲೆಕ್ಕ ಹಾಕಿದರು. ಕಲ್ಯಾಣ ದಾಟಿದ ಮೇಲೆ, "ಎರಡಡಿ ಮಾಡಿದ್ರೆ?" ಎಂದರು.

"ನದಿಯನ್ನು ಕೇಳಬೇಕು."

ಡೊಂಬಿವಲಿಯಲ್ಲಿ ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿದರು.

ಇಳಿಜಾರು ಕಟ್ಟಲು ಒಂದು ಲೆಕ್ಕವಿದೆ. ಒಂದಡಿ ಏರಬೇಕಾದರೆ ಹನ್ನೆರಡು ಅಡಿ ನಡೆಯಬೇಕು. ಅದಕ್ಕಿಂತ ಕಡಿದಾದರೆ ವಾಕರು ಹಿಡಿದವರಿಗೆ ಇನ್ನೊಬ್ಬರ ಕೈ ಬೇಕು. ಇನ್ನೊಬ್ಬರ ಕೈ ಬೇಕಾದರೆ ಕೆಲಸ ಕೆಟ್ಟಿತು. ಮೂರಡಿಗೆ ಮೂವತ್ತಾರು ಅಡಿ. ನಡುವೆ ನಿಂತು ಸುಧಾರಿಸಿಕೊಳ್ಳಲು ಐದಡಿ, ಮೇಲೆ ಬಾಗಿಲ ಮುಂದೆ ಮತ್ತೆ ಐದಡಿ. ಒಟ್ಟು ನಲವತ್ತಾರು. ಇದನ್ನು ರಸ್ತೆಯ ಕಡೆ ಬಿಟ್ಟ ಹತ್ತಡಿಯ ಮುಂಭಾಗದಲ್ಲಿ ಹಾಕುವುದು ಹೇಗೆ? ನನಗೆ ಹೊಳೆದದ್ದು ಎಲ್ಲರಿಗೂ ಹೊಳೆಯುವಂಥದ್ದೇ. ಹದಿನೆಂಟು ಅಡಿ ಹೋಗಿ, ತಿರುಗಿ, ಮತ್ತೆ ಹದಿನೆಂಟು ಅಡಿ ಬರುವುದು. ಘಾಟಿಯ ರಸ್ತೆಯ ಹಾಗೆ. ಚಾವಡಿಯೂ ಉಳಿಯುತ್ತದೆ, ಮೆಟ್ಟಿಲಿಗೂ ಒಂದು ಮೂಲೆ ಸಿಗುತ್ತದೆ. ಅದರ ಹಿಂದೆ ಹಾಲು, ಅಡಿಗೆಮನೆ, ಅದರ ಹಿಂದೆ ಎರಡು ಮಲಗುವ ಕೋಣೆ ಅಕ್ಕಪಕ್ಕ, ನಡುವೆ ವಾಕರು ತಿರುಗುವಷ್ಟು ಅಗಲದ ಬಾತ್‌ರೂಮು. ಕಾಲಿಂಚಿಗೆ ಒಂದಡಿಯ ಪ್ರಮಾಣದಲ್ಲಿ ಬರೆದೆ. ನೋಡಲು ಚೆನ್ನಾಗಿತ್ತು. ನನ್ನ ಅನುಭವದಲ್ಲಿ ಇದು ಅಪಾಯದ ಸೂಚನೆ.

ಈ ನಕ್ಷೆ ಮೊದಲು ಹೋದದ್ದು ಉಡುಪಿಯಲ್ಲಿದ್ದ ಮನೆಯಾಕೆಯ ಅಣ್ಣನ ಕೈಗೆ, ವಾಟ್ಸಾಪಿನಲ್ಲಿ. ಆತನಿಗೆ ಆಯದ ಲೆಕ್ಕ ಗೊತ್ತು. ಕರಾವಳಿಯವರ ಪದ್ಧತಿಯಿದು. ಮನೆಯ ಸುತ್ತಳತೆಯನ್ನು ಕೋಲಿನ ಅಳತೆಗೆ ತಂದು, ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಮನೆಯ ಜಾತಕ ಹೇಳುವುದು. ಧ್ವಜ, ಸಿಂಹ, ವೃಷಭ, ಗಜ ಬಂದರೆ ಶುಭ. ಹೊಗೆ, ನಾಯಿ, ಕತ್ತೆ, ಕಾಗೆ ಬಂದರೆ ಅಷ್ಟು ಒಳ್ಳೆಯದಲ್ಲ. ಮ್ಯಾನೇಜರ ಈ ಭಾವನವರು ಸ್ಪೀಕರ್ ಫೋನಿನಲ್ಲಿ ಗಂಭೀರವಾಗಿ ಘೋಷಿಸಿದರು: "ನಾಲ್ಕಿಂಚು ಕಮ್ಮಿ ಮಾಡಿ, ಗಜಾಯ ಆಗ್ತದೆ. ಆದ್ರೆ ದಕ್ಷಿಣದ ಬಾಗಿಲು... ಅದು ನನ್ಗೆ ಮನಸ್ಸಿಗೆ ಬರುದಿಲ್ಲ."

"ಈ ನಾಲ್ಕನೇ ಮಾಳಿಗೆಯ ಖೋಲಿಗೆ ಯಾವ ಆಯ ಅಂತ ಕೇಳಿ ಅವ್ನತ್ರ," ಎಂದರು ಮನೆಯಾಕೆ.

"ಅದು ಬಾಡಿಗೆದ್ದು. ಬಾಡಿಗೆ ಮನೆಗೆ ಆಯ ಇಲ್ಲ," ಎಂದಿತು ಫೋನು.

ನಾಲ್ಕಿಂಚು ಕಡಿಮೆ ಮಾಡಿದೆ. ಆನೆಯೊಂದು ನಾಲ್ಕಿಂಚಿನಲ್ಲಿ ಬರುವುದಾದರೆ ಬೇಡವೆನ್ನಲು ನಾನು ಯಾರು?

ನನ್ನದೊಂದು ಹಳೆಯ ಅಭ್ಯಾಸವಿದೆ. ಕಾಗದದ ನಕ್ಷೆಯನ್ನು ಮನೆಯವರಿಗೆ ತೋರಿಸಿದರೆ ಅವರು ತಲೆಯಾಡಿಸುತ್ತಾರೆ. ಅದು ಅರ್ಥವಾದದ್ದರ ಗುರುತಲ್ಲ, ಸೌಜನ್ಯದ್ದು. ಅದಕ್ಕೇ ನಾನು ನಕ್ಷೆಯನ್ನು ಪೂರ್ತಿ ಅಳತೆಯಲ್ಲಿ ನೆಲದ ಮೇಲೆ ಬರೆದು, ಮನೆಯವರನ್ನು ಅದರೊಳಗೆ ನಡೆಸಿ ನೋಡುತ್ತೇನೆ. ಸಾಮಾನ್ಯವಾಗಿ ಪ್ಲಾಟಿನಲ್ಲೇ ಸುಣ್ಣದಲ್ಲಿ ಎಳೆಯುವುದು. ಇಲ್ಲಿ ನಡೆಯಬೇಕಾದವರು ಪ್ಲಾಟಿಗೆ ಬರುವಂತಿರಲಿಲ್ಲ. ಕೆಳಗೆ ಕಾಂಪೌಂಡಿನ ತುಂಬ ಸ್ಕೂಟರುಗಳು. ಉಳಿದದ್ದು ಟೆರೇಸು. ನೆಲದ ಮನೆಯನ್ನು ನಾಲ್ಕು ಮಹಡಿಯ ನೆತ್ತಿಯ ಮೇಲೆ ಬರೆಯುವುದೆಂದು ತೀರ್ಮಾನವಾಯಿತು. ಮುಂಬೈಯಲ್ಲಿ ಖಾಲಿ ನೆಲ ಇರುವುದು ಅಲ್ಲಿ ಮಾತ್ರ.

ಹೋಟೆಲಿಗೆ ರಜೆಯಿದ್ದ ಒಂದು ಸೋಮವಾರ ಬೆಳಿಗ್ಗೆ ದಾರ ಎಳೆದು, ಸೀಮೆಸುಣ್ಣದಲ್ಲಿ ಮನೆ ಬರೆದೆ. ನೀರಿನ ಟ್ಯಾಂಕಿನಿಂದ ಡಿಶ್ ಆಂಟೆನಾಗಳವರೆಗೆ ಇಪ್ಪತ್ತನಾಲ್ಕು ಅಡಿ ಸರಿಯಾಗಿ ಸಿಕ್ಕಿತು. ಇಳಿಜಾರಿನ ಅಂಚಿಗೆ ಇಟ್ಟಿಗೆ ಸಾಲು ಇಟ್ಟು, ಕಾರ್ಪೆಂಟರೊಬ್ಬನಿಂದ ಎರವಲು ತಂದ ಪ್ಲೈವುಡ್ಡಿನ ಹಲಗೆಗಳನ್ನು ಆ ತಿರುವಿನ ಜಾಗದಲ್ಲಿ ನಿಜವಾದ ಓರೆಗೆ ಹೊಂದಿಸಿದೆ. ಸೊಸೈಟಿಯ ಸೆಕ್ರೆಟರಿ ಸದ್ದು ಕೇಳಿ ಮೇಲೆ ಬಂದು, ಬಿಳಿಯ ಗೆರೆಗಳನ್ನು ನೋಡಿ, ಚಪ್ಪಲಿ ಬಿಟ್ಟು ಹೊರಗೇ ನಿಂತರು.

"ಕೌನ್ಸಿ ಪೂಜಾ ಹೈ?"

"ಗೃಹಪ್ರವೇಶ," ಎಂದರು ಮ್ಯಾನೇಜರು.

"ಪ್ರಸಾದ್ ಭೇಜ್ ದೇನಾ," ಎಂದು ಅವರು ಇಳಿದು ಹೋದರು.

ಹೋಟೆಲಿನ ಇಬ್ಬರು ಮನೆಯಾಕೆಯನ್ನು ಕುರ್ಚಿಯಲ್ಲಿ ಹೊತ್ತು ತಂದರು. ಟೆರೇಸಿನ ಬಾಗಿಲು ದಾಟಿದ ಕೂಡಲೇ ಆಕೆ ಮುಖ ಮೇಲೆತ್ತಿದರು. ಎಷ್ಟೋ ಹೊತ್ತು ಹಾಗೇ ಇದ್ದರು. ಕುರ್ಚಿ ಹೊತ್ತವರು ಇಳಿಸಬೇಕೋ ಬೇಡವೋ ತಿಳಿಯದೆ ಹಿಡಿದೇ ನಿಂತಿದ್ದರು.

"ಇಳಿಸಿ ಮಾರಾಯ್ರೆ, ನಾನೆಂತ ಉತ್ಸವ ಮೂರ್ತಿಯಾ," ಎಂದರು ಕೊನೆಗೆ.

ವಾಕರು ಹಿಡಿದು ಮನೆಯೊಳಗೆ ಹೋದರು. ಬಾಗಿಲುಗಳಿದ್ದ ಕಡೆ ಬಾಗಿಲಿನಿಂದಲೇ ಹೋದರು, ಗೆರೆಯನ್ನು ಒಮ್ಮೆಯೂ ದಾಟಲಿಲ್ಲ. ಮಗಳು ತನ್ನ ಕೋಣೆಯ ಮಧ್ಯೆ ನಿಂತು, ಇಲ್ಲದ ಬಾಗಿಲನ್ನು ಎಳೆದುಕೊಂಡು, ಕಣ್ಣು ಮುಚ್ಚಿದಳು. "ಅಯ್ಯೋ, ಕಿತ್ನಾ ಶಾಂತ್ ಹೈ," ಎಂದಳು. ಕೆಳಗೆ ಬೆಸ್ಟ್ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮ್ಯಾನೇಜರು ಚಾವಡಿಯಲ್ಲಿ, ತಮ್ಮ ಮೆಟ್ಟಿಲ ಗೆರೆಯ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. ಪ್ಯಾಂಟಿಗೆ ಸೀಮೆಸುಣ್ಣ ಮೆತ್ತಿಕೊಂಡಿತು. ಅಷ್ಟು ಸಂತುಷ್ಟನಾದ ಗಿರಾಕಿಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ಈಗ ಹೊರಗೆ ಬನ್ನಿ ತಾಯಿ," ಎಂದೆ. "ಯಾರೂ ಮುಟ್ಟಬೇಡಿ."

ಮೊದಲ ಹದಿನೆಂಟು ಅಡಿ ಚೆನ್ನಾಗಿ ಬಂದರು. ತಿರುವಿನಲ್ಲಿ ನಿಂತರು. ವಾಕರನ್ನು ತಿರುಗಿಸಿದರು. ಕಾಲು ತಿರುಗಲಿಲ್ಲ. ಆಪರೇಷನ್ ಆದ ಬಲಗಾಲು ಒಳಕ್ಕೆ ಹೊರಳುವುದಿಲ್ಲವೆಂದು ಸಮನೆಲದಲ್ಲಿ ನಮಗೆ ಗೊತ್ತೇ ಆಗಿರಲಿಲ್ಲ. ಖೋಲಿಯಲ್ಲಿ ಆಕೆ ಗೋಡೆ ಹಿಡಿದು, ಸಣ್ಣಸಣ್ಣ ಹೆಜ್ಜೆಗಳಲ್ಲಿ, ದೊಡ್ಡ ಸುತ್ತು ಹಾಕಿ ತಿರುಗುತ್ತಿದ್ದರು. ಇಲ್ಲಿ ಅಷ್ಟು ಜಾಗವಿರಲಿಲ್ಲ. ಮುಂದೆ ಓರೆ ಬೇರೆ ಕೆಳಕ್ಕೆ ಎಳೆಯುತ್ತಿತ್ತು. ಮತ್ತೊಮ್ಮೆ ಪ್ರಯತ್ನಿಸಿದರು. ವಾಕರಿನ ಒಂದು ಕಾಲು ಹಲಗೆಯಿಂದ ಜಾರಿತು. ಮಗಳು ಓಡಿ ಹಿಡಿದಳು.

ಮಗಳು ಹಿಡಿದ ಕೈಯನ್ನು ಆಕೆ ಮೆಲ್ಲಗೆ ಬಿಡಿಸಿಕೊಂಡರು.

"ಪರ್ವಾಗಿಲ್ಲ," ಎಂದರು. "ಯಾರಾದ್ರೂ ಒಬ್ರು ಮನೇಲಿ ಇರ್ತಾರಲ್ಲ. ಹಿಡ್ಕೊಳ್ಳಿಕ್ಕೆ."

ಆ ಮಾತನ್ನು ಎಷ್ಟು ಸಹಜವಾಗಿ ಹೇಳಿದರೆಂದರೆ, ಈ ಮನೆಯೂ ಒಂದು ನಾಲ್ಕನೇ ಮಹಡಿಯೇ ಎಂದು ಆಕೆ ಒಪ್ಪಿಕೊಂಡು ಆಗಿಹೋಗಿತ್ತು.

ತಿರುವನ್ನು ದೊಡ್ಡದು ಮಾಡಲು ಮುಂದೆ ಜಾಗವಿಲ್ಲ. ತಿರುವೇ ಇಲ್ಲದಿದ್ದರೆ ಸಾಧ್ಯ. ನೇರವಾಗಿ, ಗೇಟಿನಿಂದ ಹಿಂದಕ್ಕೆ, ಮನೆಯ ಉದ್ದಕ್ಕೂ. ಆದರೆ ಪಕ್ಕದಲ್ಲಿ ಬಿಟ್ಟ ಮೂರಡಿ ಚರಂಡಿಗೂ ಗಾಳಿಗೂ ಸೇರಿದ್ದು, ಅದನ್ನು ಮುಟ್ಟುವಂತಿಲ್ಲ. ಹಾಗಾದರೆ ಮನೆಯ ಒಳಗಿನಿಂದಲೇ ಪೂರ್ವದ ಅಂಚಿನಲ್ಲಿ ನಾಲ್ಕೂವರೆ ಅಡಿ ಅಗಲದ ಪಟ್ಟಿ ಕೊಯ್ದು ಕೊಡಬೇಕು. ಕೊಯ್ದರೆ ಉಳಿಯುವ ಅಗಲ ಹತ್ತೊಂಬತ್ತೂವರೆ ಅಡಿ. ಅದರಲ್ಲಿ ಎರಡು ಕೋಣೆ ಅಕ್ಕಪಕ್ಕ ಕೂರುವುದಿಲ್ಲ. ಮಂಚ ಹಾಕಿದರೆ ವಾಕರು ಹೋಗದು. ಒಂದರ ಮುಂದೆ ಒಂದು ಇಡಬೇಕು. ಒಂದರ ಮುಂದೆ ಒಂದು ಇಟ್ಟರೆ ಉದ್ದದಲ್ಲಿ ಒಂಬತ್ತಡಿ ಹೆಚ್ಚು ಬೇಕು.

ಚಾವಡಿಯ ಆಳ ಒಂಬತ್ತಡಿ.

ಇದನ್ನೆಲ್ಲ ಬಾಯಿಬಿಟ್ಟು ಹೇಳಿದೆನೆಂದಲ್ಲ. ದಾರ ಹಿಡಿದು ಪೂರ್ವದ ಅಂಚಿನಲ್ಲಿ ನಾಲ್ಕೂವರೆ ಅಡಿ ಅಳೆದೆ, ಕೋಣೆಯ ಗೆರೆಯ ಮೇಲೆ ನಿಂತೆ, ಮುಂದಕ್ಕೆ ನೋಡಿದೆ. ಹೋಟೆಲು ನಡೆಸಿದವರಿಗೆ ಟೇಬಲ್ ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮ್ಯಾನೇಜರು ತಮ್ಮ ಮೆಟ್ಟಿಲ ಗೆರೆಯ ಮೇಲೆ ಕೂತೇ ನನ್ನನ್ನು ನೋಡುತ್ತಿದ್ದರು.

ಆಮೇಲೆ ಎದ್ದರು. ಟ್ಯಾಂಕಿನ ನಲ್ಲಿಯ ಹತ್ತಿರ ಬಿದ್ದಿದ್ದ ಬಟ್ಟೆಯೊಂದನ್ನು ಒದ್ದೆ ಮಾಡಿ ಹಿಂಡಿದರು. ಬಗ್ಗಿ, ಒಂದು ತುದಿಯಿಂದ, ಕೈಯನ್ನು ಅರ್ಧಚಂದ್ರಾಕಾರದಲ್ಲಿ ಬೀಸುತ್ತ, ಹಿಂದಕ್ಕೆ ಸರಿಯುತ್ತ, ಚಾವಡಿಯನ್ನು ಒರೆಸಿದರು. ಹದಿನಾಲ್ಕನೇ ವಯಸ್ಸಿನಲ್ಲಿ ಕಲಿತ ಕೈ. ಒಂದು ಬೀಸಿಗೆ ಒಂದು ಟೇಬಲ್. ಆರು ಟೇಬಲ್ ಆಯಿತು. ಮೆಟ್ಟಿಲನ್ನೂ ಒರೆಸಿದರು.

"ಹಾಂ, ಬರೀರಿ ಈಗ," ಎಂದರು.

"ನಿಮ್ಮ ಚಾವಡಿ?" ಎಂದರು ಮನೆಯಾಕೆ.

"ಎಂತ ಚಾವಡಿ? ಅಲ್ಲಿ ಸೊಳ್ಳೆ. ಕೂರ್ಲಿಕ್ಕಾಗ್ತದಾ?"

"ಊರಲ್ಲಿ ಸೊಳ್ಳೆ ಇರ್ಲಿಲ್ವಾ?"

"ಊರಿನ ಸೊಳ್ಳೆ ಬೇರೆ."

"ಗಲ್ಲಾದಲ್ಲಿ ಕೂತು ಕೂತು ನಿಮ್ಗೆ ಸುಳ್ಳು ಹೇಳ್ಲಿಕ್ಕೂ ಬರುದಿಲ್ಲ ಅಂತಾಗಿದೆ," ಎಂದು ಆಕೆ ಮುಖ ತಿರುಗಿಸಿ ಪ್ಯಾರಪೆಟ್ಟಿನ ಆಚೆ ನೋಡತೊಡಗಿದರು. ಅಲ್ಲಿ ನೋಡುವಂಥದ್ದು ಇನ್ನೊಂದು ಬಿಲ್ಡಿಂಗಿನ ಟ್ಯಾಂಕು ಮಾತ್ರ ಇತ್ತು.

ನಾನು ವೃತ್ತಿಧರ್ಮದಂತೆ ಒಂದು ಮಧ್ಯದ ದಾರಿ ಸೂಚಿಸಿದೆ. ರಸ್ತೆಯ ಕಡೆ ಸಣ್ಣದಾಗಿ ಮೂರಡಿ ಅಗಲದ ಮೆಟ್ಟಿಲೊಂದು ಇರಲಿ. ಮಗಳು ಬೆಳಿಗ್ಗೆ ಲೋಕಲ್‌ಗೆ ಓಡುವಾಗ ನಲವತ್ತಾರು ಅಡಿ ಸುತ್ತುವುದೇಕೆ? ಮ್ಯಾನೇಜರಿಗೂ ಕೂರಲು ಆದೀತು.

"ಬೇಡ," ಎಂದರು ಅವರು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಹೋಟೆಲಿಗೆ ಎರಡು ಬಾಗಿಲು ಇದ್ರೆ ಎಂತಾಗ್ತದೆ ಗೊತ್ತುಂಟಾ? ಒಂದ್ರಲ್ಲಿ ಜನ ಬರ್ತಾರೆ. ಇನ್ನೊಂದ್ರ ಹತ್ರ ಖಾಲಿ ಗ್ಯಾಸ್ ಸಿಲಿಂಡರ್ ಇಡ್ತಾರೆ. ಮೆಟ್ಲು ಮಾಡಿದ್ರೆ ನಾನೂ ಅದ್ರಲ್ಲೇ ಹೋಗ್ತೇನೆ, ಮಗಳೂ ಅದ್ರಲ್ಲೇ ಹೋಗ್ತಾಳೆ, ಬರುವವ್ರೂ ಅದ್ರಲ್ಲೇ ಬರ್ತಾರೆ. ಅವಳ ದಾರಿ ಅವಳೊಬ್ಬಳದೇ ಆಗ್ತದೆ. ಆಮೇಲೆ ಅಲ್ಲಿ ಸೈಕಲ್ ಇಡ್ತಾರೆ. ಮೆಟ್ಲೇ ಬೇಡ. ಎಲ್ರೂ ಅವಳ ದಾರಿಯಲ್ಲೇ ಬರ್ಲಿ."

"ಚಲೇಗಾ, ಅಂಕಲ್," ಎಂದಳು ಮಗಳು. "ಮೈ ಪಾಂಚ್ ಮಿನಿಟ್ ಬೇಗ ಏಳ್ತೀನಿ."

ನಾನು ಬರೆದೆ. ನೇರ ಇಳಿಜಾರನ್ನು ಸೀಮೆಸುಣ್ಣದಲ್ಲಿ ಟ್ಯಾಂಕಿನಿಂದ ಮೆಟ್ಟಿಲ ಬಾಗಿಲಿನವರೆಗೆ ಎಳೆದಾಗ ಆಕೆ ಅದರಲ್ಲಿ ಒಬ್ಬರೇ ನಡೆದು ಬಂದರು. ಕೊನೆಯಲ್ಲಿ ಗೇಟಿನ ಗೆರೆಯ ಮೇಲೆ ನಿಂತು, ಹಿಂದಿರುಗಿ ನೋಡದೆ, "ಇಲ್ಲಿಂದ ಮತ್ತೆ ಎಲ್ಲಿಗೆ ಹೋಗ್ಬಹುದು?" ಎಂದು ಕೇಳಿದರು. ಎದುರಿಗೆ ಟೆರೇಸಿನ ಮೆಟ್ಟಿಲುಗಳಿದ್ದವು. ಕುರ್ಚಿ ತಂದರು.

ಅಂದು ಸಂಜೆ ಘಾಟ್ಕೋಪರಿಗೆ ಬಂದು ಮೇಜಿನ ಮುಂದೆ ಕೂತೆ. ನನಗೂ ಮೂರು ಮಹಡಿಯ ಕೆಳಗೆ ನೆಲವಿದೆ. ಅದನ್ನು ಬರಿಗಾಲಿನಲ್ಲಿ ಮುಟ್ಟಿ ಎಷ್ಟು ದಿನವಾಯಿತೆಂದು ಯೋಚಿಸಿದೆ. ಮೆಟ್ರೋ ಹೋಯಿತು, ಲೋಟ ಜರುಗಿತು. ಕೆಲಸ ಶುರುಮಾಡಿದೆ.

ಹೊಸ ನಕ್ಷೆಯಲ್ಲಿ ಮುಂಬಾಗಿಲು ಹಿಂದಕ್ಕೆ ಹೋಯಿತು. ಇಳಿಜಾರು ಗೇಟಿನ ನಾಲ್ಕಡಿ ಈಚೆಗೆ ಶುರುವಾಗಿ, ಮನೆಯ ಪಕ್ಕದಲ್ಲಿ ಏರಿ, ಹಿಂದಿನ ತುದಿಯಲ್ಲಿ ಬಾಗಿಲಿಗೆ ಸೇರುತ್ತದೆ. ಬಾಗಿಲಿನ ಒಳಗೆ ಹಾಲು ಮತ್ತು ಅಡಿಗೆಮನೆ, ಅಲ್ಲಿಂದ ಮುಂದಕ್ಕೆ ಬಾತ್‌ರೂಮು, ಒಂದರ ಮುಂದೆ ಒಂದು ಕೋಣೆಗಳು. ಚಾವಡಿ ಇರಬೇಕಾಗಿದ್ದ ಜಾಗದಲ್ಲಿ ಮಗಳ ಕೋಣೆ, ಮುಚ್ಚುವ ಬಾಗಿಲಿನೊಂದಿಗೆ. ತಟ್ಟೆ ದಾಟಿಸುವ ಕಿಂಡಿಯನ್ನು ಉಳಿಸಿಕೊಂಡೆ. ಕೂತವರ ಕೈಗೆ ಎಟುಕುವಷ್ಟು ತಗ್ಗಿಸಿದೆ. ಎಲ್ಲ ಬಾಗಿಲುಗಳೂ ಮೂರಡಿ, ಹೊಸ್ತಿಲಿಲ್ಲ. ಮುಂಬಾಗಿಲಿನ ಹೊರಮೈಗೆ, ವಾಕರು ಹಿಡಿದು ನಿಂತವರ ಕೈಯ ಎತ್ತರದಲ್ಲಿ, ಎಳೆದುಕೊಳ್ಳಲು ಒಂದು ಉದ್ದನೆಯ ಹಿಡಿ. ಎಳೆದರೆ ತಾನಾಗಿ ಬೀಗ ಬೀಳುವಂಥದ್ದು.

ಭಾವನವರಿಗೆ ಕಳಿಸಿದೆವು. ಎರಡು ದಿನ ಸದ್ದಿಲ್ಲ. ಮೂರನೆಯ ದಿನ ಫೋನು ಬಂತು.

"ಸುತ್ತಳತೆ ಬದಲಾಯ್ತಲ್ಲ. ಖರಾಯ ಬರ್ತದೆ."

"ಅಂದರೆ?"

"ಕತ್ತೆ."

"ಎಷ್ಟಿಂಚಿನ ಕತ್ತೆ?"

"ಹಿಂದೆ ಆರಿಂಚು ಹೆಚ್ಚು ಮಾಡಿದ್ರೆ ಸರಿಯಾಗ್ತದೆ. ಆದ್ರೆ..." ಎಂದು ತಡೆದು, ಆತ ಸ್ವರ ತಗ್ಗಿಸಿದರು. "ಬಾಗಿಲು ಪೂರ್ವಕ್ಕೆ ಬಂತಲ್ಲ ಮಾರಾಯ್ರೆ! ದಕ್ಷಿಣದ ದೋಷ ಹೋಯ್ತು. ಇದು ಯಾರ ಐಡಿಯಾ?"

"ತಮ್ಮ ತಂಗಿಯ ಯಜಮಾನರದು," ಎಂದೆ.

"ಅವ್ನಿಗೆ ಇಷ್ಟು ವಾಸ್ತು ಗೊತ್ತುಂಟಾ?" ಎಂದು ಆಶ್ಚರ್ಯಪಟ್ಟರು.

ಒಂದು ಕೆಲಸವನ್ನು ಮಾತ್ರ ನಾನು ಯಾರನ್ನೂ ಕೇಳದೆ ಮಾಡಿದೆ. ಇಳಿಜಾರಿನ ನಡುವೆ ಸುಧಾರಿಸಿಕೊಳ್ಳಲು ಬಿಟ್ಟ ಐದಡಿಯ ಸಮಜಾಗದ ಪಕ್ಕದಲ್ಲಿ ಗೋಡೆಯನ್ನು ಹದಿನೆಂಟು ಅಂಗುಲ ಒಳಕ್ಕೆ ತಳ್ಳಿ, ಒಂದು ಕಲ್ಲಿನ ಕಟ್ಟೆ ಬರೆದೆ. ಪೂರ್ವದ ಬಿಸಿಲು ಬೆಳಿಗ್ಗೆ ಅಲ್ಲಿಗೆ ಬೀಳುತ್ತದೆ. ಕೊನೆಯ ನಕ್ಷೆಯನ್ನು ಆಂಟಾಪ್ ಹಿಲ್ಲಿಗೆ ಒಯ್ದಾಗ ಮ್ಯಾನೇಜರು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ನೋಡಿ, ಬೆರಳನ್ನು ಅಲ್ಲಿಗೆ ತಂದು ನಿಲ್ಲಿಸಿದರು.

"ಇದು ಎಂತದು?"

"ಕಟ್ಟೆ. ನಡೆದು ದಣಿದಾಗ ಅವರು ಕೂರಲು."

"ಅವಳೊಬ್ಬಳಿಗೆ ಐದಡಿ ಎಂತಕ್ಕೆ?"

ನಾನು ಪೆನ್ಸಿಲ್ ಚೂಪು ಮಾಡುವುದರಲ್ಲಿ ಮಗ್ನನಾದೆ. ಅದು ಮೊದಲೇ ಚೂಪಾಗಿತ್ತು. ಅವರು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

"ಕಲ್ಲು ಕಾರ್ಕಳದ್ದು ತರಿಸ್ಲಿಕ್ಕಾಗ್ತದಾ?" ಎಂದರು ಕೊನೆಗೆ. "ಅದು ಬೇಗ ಕಾಯುದಿಲ್ಲ."

ಪರವಾನಗಿ, ಮರಳು, ಮಳೆ, ಮಳೆಯಿಂದಾಗಿ ನಿಂತ ಕೆಲಸ, ಇವುಗಳ ವಿವರ ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವುದರಿಂದ ಬಿಡುತ್ತೇನೆ. ಮೇಸ್ತ್ರಿಯೊಬ್ಬ "ಇಷ್ಟುದ್ದ ಯಾಕೆ ಸಾಹೇಬ್, ಕಮ್ಮಿ ಮಾಡೋಣ" ಎಂದು ಇಳಿಜಾರಿನಿಂದ ಆರಡಿ ಉಳಿಸಲು ನೋಡಿದ. ಮ್ಯಾನೇಜರು ಅಂದಿನಿಂದ ಪ್ರತಿ ರಜೆಗೂ ಟೇಪು ಹಿಡಿದು ಬದ್ಲಾಪುರಕ್ಕೆ ಹೋದರು. ಅವರು ಅಡಿಯಲ್ಲಿ ಅಳೆಯಲು ಕಲಿತದ್ದು ಹಾಗೆ. ಗೃಹಪ್ರವೇಶದ ದಿನ ನನಗೆ ಜ್ವರ, ಹೋಗಲಾಗಲಿಲ್ಲ.

ಹೋದದ್ದು ಒಂದು ತಿಂಗಳ ಮೇಲೆ, ಒಂದು ಬೆಳಿಗ್ಗೆ. ಹೇಳದೆ ಹೋದೆ. ಗೇಟು ತೆರೆದಿತ್ತು. ಇಳಿಜಾರಿನ ನಡುವೆ ಕಟ್ಟೆಯ ಮೇಲೆ ಮ್ಯಾನೇಜರು ಪಂಚೆಯುಟ್ಟು, ಒದ್ದೆ ತಲೆಯಲ್ಲಿ ಕೂತಿದ್ದರು. ಹೆಗಲ ಮೇಲೆ ಟವೆಲ್ಲು.

"ಬನ್ನಿ ಬನ್ನಿ, ಕೂತ್ಕೊಳ್ಳಿ," ಎಂದು ಸರಿದು ಜಾಗ ಕೊಟ್ಟರು. ಕಲ್ಲು ತಂಪಾಗಿತ್ತು.

"ಮನೆಯವರು?"

"ಹೊರಗೆ ಹೋಗಿದ್ದಾಳೆ."

"ಎಲ್ಲಿಗೆ?"

"ಹೇಳ್ಲಿಲ್ಲ."

ಸ್ವಲ್ಪ ಹೊತ್ತು ಇಬ್ಬರೂ ಬಿಸಿಲು ಕಾಯಿಸಿದೆವು. ದೂರದಲ್ಲಿ ಲೋಕಲ್ ಹೋದ ಸದ್ದಾಯಿತು. ಕಾಫಿಯ ಮಾತು ಬರಲಿಲ್ಲವಲ್ಲ ಎಂದು ನಾನು ಬಾಗಿಲ ಕಡೆ ನೋಡಿದೆ.

"ಒಳಗೆ ಹೋಗ್ಲಿಕ್ಕಾಗುದಿಲ್ಲ," ಎಂದರು ಮ್ಯಾನೇಜರು. "ನಾನಿಲ್ಲಿ ಕೂತಿದ್ದೆ, ಅವಳು ಎಳ್ಕೊಂಡು ಹೋದ್ಳು."

ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದ ಕೈ ಆಕೆಯ ಹತ್ತಿರ ಇತ್ತು.